ಬಸುರಿಯ ತಟ್ಟೆಯ ಲೆಕ್ಕ

ದಿನಕ್ಕೆ ಒಂಬತ್ತು ರೂಪಾಯಿ ಐವತ್ತು ಪೈಸೆ. ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯ ಮೂಲಕ ಪೂರಕ ಪೌಷ್ಟಿಕ ಆಹಾರ ಕೊಡಲು ಕೇಂದ್ರ ಸರ್ಕಾರ 2017ರಲ್ಲಿ ಗೊತ್ತುಮಾಡಿದ ದರ ಇದು. ಅದಕ್ಕೆ ಮೊದಲು ಏಳು ರೂಪಾಯಿ ಇತ್ತು. ನಮ್ಮಂಥ ರಾಜ್ಯಗಳಲ್ಲಿ ಇದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಈ ದುಡ್ಡಿನಲ್ಲಿ ವರ್ಷಕ್ಕೆ 300 ದಿನ, ದಿನಕ್ಕೆ 600 ಕಿಲೋಕ್ಯಾಲೊರಿ ಶಕ್ತಿಯೂ 18ರಿಂದ 20 ಗ್ರಾಂ ಪ್ರೋಟೀನೂ ಒಬ್ಬ ಹೆಣ್ಣುಮಗಳ ಹೊಟ್ಟೆ ಸೇರಬೇಕು. ಇವತ್ತು ಯಾವ ಊರಿನ ಅಂಗಡಿಗೆ ಹೋದರೂ ಒಂದು ಮೊಟ್ಟೆ, ಒಂದು ಲೋಟ ಹಾಲು ಕೊಳ್ಳುವಷ್ಟರಲ್ಲಿ ಆ ದುಡ್ಡು ಮುಗಿದು ಕೈಯಿಂದ ಹಾಕಬೇಕಾಗುತ್ತದೆ. ಅಕ್ಕಿ, ಬೇಳೆ, ಸೊಪ್ಪು, ಎಣ್ಣೆ, ಗ್ಯಾಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಬಜೆಟ್ಟಿನ ಕಾಲದಲ್ಲಿ ಈ ಖರ್ಚನ್ನು ಕೋಟಿಗಳಲ್ಲಿ ಓದುತ್ತಾರೆ. ಕೋಟಿಗಳಲ್ಲಿ ಓದಿದಾಗ ಅದು ದೊಡ್ಡ ಹೊರೆಯ ಹಾಗೆ ಕೇಳಿಸುತ್ತದೆ. ಒಬ್ಬ ಹೆಂಗಸಿನ ಲೆಕ್ಕ ಹಾಕಿ ನೋಡೋಣ. ಮೂರನೇ ತಿಂಗಳಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆದವಳಿಗೆ ಹೆರಿಗೆಯವರೆಗೆ ಆರು ತಿಂಗಳು, ಹೆರಿಗೆಯಾದ ಮೇಲೆ ಆರು ತಿಂಗಳು; ತಿಂಗಳಿಗೆ 25 ದಿನದಂತೆ ಒಟ್ಟು 300 ಊಟ. ಒಂಬತ್ತೂವರೆ ರೂಪಾಯಿಯ ದರದಲ್ಲಿ ಇದಕ್ಕೆ ಆಗುವ ಖರ್ಚು 2,850 ರೂಪಾಯಿ. ಒಂದು ಬಸುರು, ಒಂದು ಬಾಣಂತನ, ಒಂದು ಕೂಸಿನ ಮೊದಲ ಆರು ತಿಂಗಳ ಎದೆಹಾಲು, ಇಷ್ಟಕ್ಕೂ ಸೇರಿ ಈ ದೇಶ ಎತ್ತಿಟ್ಟ ಆಹಾರದ ಹಣ ಅಷ್ಟು. ಎರಡೂವರೆ ಕಿಲೋಗಿಂತ ಕಡಿಮೆ ತೂಗಿ ಹುಟ್ಟಿದ ಕೂಸನ್ನು ನಗರದ ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಇಟ್ಟವರನ್ನು ಕೇಳಿ ನೋಡಿ, ಈ ಮೊತ್ತ ಅಲ್ಲಿ ಒಂದು ದಿನದ ಬಿಲ್ಲಿಗೂ ಸಾಲುವುದಿಲ್ಲ.

ಕೇಂದ್ರದ ದರ ಸಾಲದು ಎಂಬುದನ್ನು ದಕ್ಷಿಣದ ರಾಜ್ಯಗಳು ಬೇಗ ಕಂಡುಕೊಂಡವು. ಆಂಧ್ರದಲ್ಲಿ 2013ರಲ್ಲಿ ‘ಅಮೃತ ಹಸ್ತಂ’, ತೆಲಂಗಾಣದಲ್ಲಿ 2015ರಲ್ಲಿ ‘ಆರೋಗ್ಯ ಲಕ್ಷ್ಮಿ’ ಬಂದವು. ಪೊಟ್ಟಣ ಕೊಟ್ಟು ಕಳಿಸುವ ಬದಲು ಬಸುರಿಯನ್ನು ಅಂಗನವಾಡಿಗೇ ಕರೆದು ಒಂದು ಹೊತ್ತು ಹೊಟ್ಟೆತುಂಬ ಬಿಸಿ ಊಟ ಹಾಕುವ ಯೋಜನೆಗಳು ಇವು. ಕರ್ನಾಟಕದಲ್ಲಿ ‘ಮಾತೃಪೂರ್ಣ’ ರಾಜ್ಯದಾದ್ಯಂತ ಶುರುವಾದದ್ದು 2017ರ ಅಕ್ಟೋಬರ್ 2ರಂದು. ಅನ್ನ, ಬೇಳೆ-ತರಕಾರಿಯ ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು, ಕಡಲೆಬೀಜದ ಚಿಕ್ಕಿ, 200 ಮಿಲಿಲೀಟರ್ ಹಾಲು. ದಿನದ ಅಗತ್ಯದ ಶೇ 40ರಿಂದ 45ರಷ್ಟು ಶಕ್ತಿ, ಪ್ರೋಟೀನ್, ಕ್ಯಾಲ್ಸಿಯಂ ಇದರಿಂದಲೇ ಸಿಗಬೇಕೆಂದು ಪಟ್ಟಿ ಮಾಡಿದ ಊಟ ಅದು. ಒಬ್ಬರಿಗೆ ದಿನಕ್ಕೆ ಸುಮಾರು 21 ರೂಪಾಯಿ ಎಂದು ಲೆಕ್ಕ ಹಾಕಿದರು. ಅಂದರೆ ಕೇಂದ್ರದ ದರದ ಎರಡು ಪಟ್ಟಿಗೂ ಹೆಚ್ಚು. ಇದು ಒಳ್ಳೆಯ ತೀರ್ಮಾನವಾಗಿತ್ತು, ಈಗಲೂ ಒಳ್ಳೆಯದೇ. ಪೊಟ್ಟಣ ಮನೆಗೆ ಹೋದರೆ ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಗಂಡ, ಮಕ್ಕಳು, ಅತ್ತೆ ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಸೊಸೆಗೆ. ಅಂಗನವಾಡಿಯಲ್ಲಿ ಕೂತು ಉಂಡರೆ ಆ ಮೊಟ್ಟೆ ಅವಳದೇ.

ಆದರೆ ಆ 21 ರೂಪಾಯಿಯೂ ಪೂರ್ತಿ ಲೆಕ್ಕವಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಅದು ಪದಾರ್ಥದ ಬೆಲೆ. ಪದಾರ್ಥ ಊಟವಾಗಿ, ಊಟ ಹೊಟ್ಟೆ ಸೇರುವವರೆಗಿನ ಖರ್ಚನ್ನು ಯಾವ ಕಡತದಲ್ಲೂ ಬರೆದಿಲ್ಲ. ಬರೆಯದೆ ಬಿಟ್ಟ ಆ ಖರ್ಚನ್ನು ಹೆಂಗಸರು ತುಂಬುತ್ತಿದ್ದಾರೆ.

ಮೊದಲನೆಯವಳು ಅಂಗನವಾಡಿ ಟೀಚರ್. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಕ್ಕಿ ಬೇಳೆ ಇಲಾಖೆಯಿಂದ ಬರುತ್ತದೆ. ಮೊಟ್ಟೆ, ತರಕಾರಿಯನ್ನು ಅವಳೇ ಊರಿನಲ್ಲೋ ಸಂತೆಯಲ್ಲೋ ಕೊಳ್ಳಬೇಕು. ಅದರ ಹಣ ಊರಿನ ತಾಯಂದಿರಿರುವ ಬಾಲ ವಿಕಾಸ ಸಮಿತಿಯ ಖಾತೆಗೆ ಬರುತ್ತದೆ, ಆದರೆ ತಡವಾಗಿ. ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ. ಅಷ್ಟು ದಿನ ಅಂಗಡಿಯವನಿಗೆ ಅವಳು ಸಾಲ ಹೇಳಬೇಕು, ಇಲ್ಲವೇ ತನ್ನ ಗೌರವಧನದಿಂದ ಕೊಡಬೇಕು. ಸರ್ಕಾರ ಮೊಟ್ಟೆಗೆ ಕಟ್ಟಿದ ದರಕ್ಕಿಂತ ಸಂತೆಯ ದರ ಒಂದು ರೂಪಾಯಿ ಹೆಚ್ಚಾಯಿತು ಅನ್ನಿ. ಇಪ್ಪತ್ತು ಬಸುರಿ-ಬಾಣಂತಿಯರಿಗೆ ತಿಂಗಳಿಗೆ 500 ಮೊಟ್ಟೆ, ಅಂದರೆ 500 ರೂಪಾಯಿ ಅವಳ ಕೈಯಿಂದ ಹೋಯಿತು. ‘ಮೊಟ್ಟೆ ಹಣ ಇನ್ನೂ ಬಂದಿಲ್ಲ’ ಎಂಬ ಮಾತು ಅಂಗನವಾಡಿ ನೌಕರರ ಪ್ರತಿಭಟನೆಗಳಲ್ಲಿ ವರ್ಷವರ್ಷವೂ ಕೇಳುತ್ತಲೇ ಇದೆ. ಬಡ ಹೆಂಗಸರ ಪೋಷಣೆಗೆಂದು ಮಾಡಿದ ಯೋಜನೆಗೆ ಇನ್ನೊಬ್ಬ ಬಡ ಹೆಂಗಸು ಬಡ್ಡಿಯಿಲ್ಲದ ಸಾಲ ಕೊಡುವುದು ಯಾವ ನ್ಯಾಯ? ಸಹಾಯಕಿಯ ಕೆಲಸದ ಮಾತಂತೂ ಯಾರೂ ಎತ್ತುವುದಿಲ್ಲ. ಮೊದಲು ಮಕ್ಕಳಿಗೆ ಮಾತ್ರ ಅಡುಗೆ ಮಾಡುತ್ತಿದ್ದವಳು ಈಗ ದೊಡ್ಡವರ ಅಡುಗೆಯನ್ನೂ ಮಾಡಿ, ಅಷ್ಟೂ ಪಾತ್ರೆ ತೊಳೆಯುತ್ತಾಳೆ.

ಎರಡನೆಯವಳು ಬಸುರಿಯೇ. ಮಲೆನಾಡಿನಲ್ಲಿ, ಕೊಪ್ಪ, ಶೃಂಗೇರಿ, ಸಿದ್ದಾಪುರದ ಕಡೆ, ಮನೆಗಳು ಒಂದು ಗುಡ್ಡಕ್ಕೆ ಒಂದರಂತೆ ಚದುರಿವೆ. ಏಳು ತಿಂಗಳ ಬಸುರಿ ಜುಲೈ ಮಳೆಯಲ್ಲಿ ಸಂಕ ದಾಟಿ, ಏರು ಹತ್ತಿ ಅಂಗನವಾಡಿಗೆ ಬಂದು ಉಂಡು ಮತ್ತೆ ನಡೆದು ಹೋಗಬೇಕು. ಮಾತೃಪೂರ್ಣ ಬಂದ ಮೊದಲ ತಿಂಗಳುಗಳಲ್ಲಿ ಮಲೆನಾಡು, ಕರಾವಳಿಯಿಂದ ಹೆಚ್ಚು ಆಕ್ಷೇಪ ಬಂದದ್ದು ಇದೇ ಕಾರಣಕ್ಕೆ. ಬಾಣಂತಿಯ ಕಷ್ಟ ಇನ್ನೂ ಬೇರೆ. ಹಸಿ ಬಾಣಂತಿ ಹೊಸಿಲು ದಾಟುವುದನ್ನು ಯಾವ ಮನೆಯ ಹಿರಿಯರೂ ಒಪ್ಪುವುದಿಲ್ಲ. ಹೊಲಿಗೆ ಬಿದ್ದ ಮೈಯಲ್ಲಿ, ಕೂಸನ್ನು ಬಿಟ್ಟು ಬರುವುದು ಹಿರಿಯರು ಒಪ್ಪಿದರೂ ಆಗದ ಮಾತು. ಬಯಲುಸೀಮೆಯಲ್ಲಿ ತೊಡಕು ದೂರದ್ದಲ್ಲ, ಹೊತ್ತಿನದು. ರಾಯಚೂರು, ಯಾದಗಿರಿಯ ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಂಗಸರು ಬೆಳಿಗ್ಗೆ ಏಳಕ್ಕೆ ಟಂಟಂ ಹತ್ತುತ್ತಾರೆ. ಅಂಗನವಾಡಿಯ ಊಟ ಮಧ್ಯಾಹ್ನ. ಉಣ್ಣಲು ಉಳಿದರೆ ಅವತ್ತಿನ ಕೂಲಿ ಹೋಯಿತು. ಉದ್ಯೋಗ ಖಾತ್ರಿಯ ಕೂಲಿ 2024-25ರಲ್ಲಿ ನಮ್ಮ ರಾಜ್ಯದಲ್ಲಿ 349 ರೂಪಾಯಿ ಇತ್ತು. 21 ರೂಪಾಯಿಯ ಊಟಕ್ಕಾಗಿ ಅರ್ಧ ದಿನ ಬಿಟ್ಟರೂ ಅವಳ ನಷ್ಟ 170 ರೂಪಾಯಿ ಮೀರುತ್ತದೆ. ಅವಳು ಬರುವುದಿಲ್ಲ. ವರದಿಯಲ್ಲಿ ‘ಫಲಾನುಭವಿಗಳ ನಿರಾಸಕ್ತಿ’ ಎಂದು ದಾಖಲಾಗುತ್ತದೆ.

ಗುಳೆ ಹೋದವರ ಕತೆ ಇದಕ್ಕಿಂತ ಕಷ್ಟದ್ದು. ಊರಿನಲ್ಲಿ ಹೆಸರು ಬರೆಸಿದವಳು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಇರುತ್ತಾಳೆ. ಅಲ್ಲಿನ ಅಂಗನವಾಡಿ ಎಲ್ಲಿದೆ ಎಂದೂ ಅವಳಿಗೆ ಗೊತ್ತಿರುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಹೆಸರು ಗಂಡನ ಊರಿನ ಪುಸ್ತಕದಲ್ಲಿರುತ್ತದೆ. 2021ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಆ್ಯಪ್ ಬಂದಿದೆ, ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಿಸುವ ದಾರಿ ಅದರಲ್ಲಿದೆ. ಆದರೆ ನೆಟ್‌ವರ್ಕ್ ಸಿಗದ ಊರಿನಲ್ಲಿ ಟೀಚರ್ ಮೊಬೈಲ್ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ನಡೆಯಬೇಕು. ಆ ನಡಿಗೆಗೂ ದರ ಕಟ್ಟಿಲ್ಲ.

ಊಟದಿಂದ ಮಾತ್ರೆಗೆ ಬರೋಣ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ್ದು ಕಬ್ಬಿಣಾಂಶದ ಮಾತ್ರೆ. ಸರ್ಕಾರ ಸಗಟಿನಲ್ಲಿ ಕೊಳ್ಳುವಾಗ ಒಂದಕ್ಕೆ ಬೀಳುವ ಬೆಲೆ ಪೈಸೆಗಳ ಲೆಕ್ಕದ್ದು. ಒಂದು ಬಸುರಿನಲ್ಲಿ ಹೆಣ್ಣಿನ ಮೈಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು: 300 ಮಿಲಿಗ್ರಾಂ ಕೂಸಿಗೂ ಮಾಸಿಗೂ, 500 ಮಿಲಿಗ್ರಾಂ ಅವಳದೇ ಮೈಯಲ್ಲಿ ಹೆಚ್ಚುವ ರಕ್ತಕ್ಕೆ, ಉಳಿದದ್ದು ದಿನನಿತ್ಯ ಮೈಯಿಂದ ಹೊರಹೋಗುವುದಕ್ಕೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಇಷ್ಟನ್ನು ಅನ್ನ ಸಾರಿನಿಂದ ತುಂಬಿಕೊಡಲು ಆಗುವುದಿಲ್ಲ. ಅದಕ್ಕೇ 1970ರಿಂದ ಈ ದೇಶದಲ್ಲಿ ಬಸುರಿಯರಿಗೆ ಮಾತ್ರೆ ಹಂಚುವ ಕಾರ್ಯಕ್ರಮ ಇದೆ. ಈಗಿನ ನಿಯಮದಂತೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಕೆಂಪು ಮಾತ್ರೆಯನ್ನು ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು.

ಅರ್ಧ ಶತಮಾನ ಕಳೆದರೂ ಫಲ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 50.4 ಇತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 45ರ ಆಸುಪಾಸಿನಲ್ಲೇ ನಿಂತಿದೆ. ದೇಶದಲ್ಲಿ 180 ದಿನ ಮಾತ್ರೆ ನುಂಗಿದವರು ಶೇ 26 ಮಾತ್ರ. ಕಾರಣ ಹುಡುಕಲು ದೊಡ್ಡ ಸಂಶೋಧನೆ ಬೇಡ, ಯಾವ ಬಸುರಿಯನ್ನು ಕೇಳಿದರೂ ಹೇಳುತ್ತಾಳೆ: ಹೊಟ್ಟೆ ತೊಳಸುತ್ತದೆ, ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಕಟ್ಟಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಇನ್ನೂ ಹೆಚ್ಚು. ಹೊಟ್ಟೆತುಂಬ ಊಟ ಸಿಗದವಳಿಗೆ ಈ ಮಾತ್ರೆ ಹಿಂಸೆಯೇ. ಮೇಲಾಗಿ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಚಹಾ ಕುಡಿದ ತಕ್ಷಣ ನುಂಗಬಾರದು, ನಿಂಬೆರಸದಂಥ ಹುಳಿಯ ಜೊತೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಇಷ್ಟನ್ನು ಪಕ್ಕದಲ್ಲಿ ಕೂತು ಹೇಳುವವರು ಬೇಕು, ಮುಂದಿನ ವಾರ ಮತ್ತೆ ಬಂದು ಕೇಳುವವರು ಬೇಕು. ಅವರು ಆಶಾ ಕಾರ್ಯಕರ್ತೆಯರು. ಮಾತ್ರೆಯ ಬೆಲೆ ಪೈಸೆ. ಅದನ್ನು ನುಂಗಿಸುವ ಆ ಭೇಟಿಯ ಬೆಲೆಯೇ ಈ ಕಾರ್ಯಕ್ರಮದ ನಿಜವಾದ ಬೆಲೆ. ಅದರಲ್ಲಿ ಉಳಿತಾಯ ಮಾಡಿದರೆ ಎಂಟನೇ ತಿಂಗಳಿಗೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದು, ರಕ್ತನಾಳದ ಮೂಲಕ ಕಬ್ಬಿಣ ಕೊಡುವ, ರಕ್ತದ ಬಾಟಲಿ ಹುಡುಕುವ ಖರ್ಚು ಎದುರಾಗುತ್ತದೆ. ಹೆರಿಗೆಯ ರಕ್ತಸ್ರಾವದಲ್ಲಿ ಜೀವವೇ ಹೋದರೆ ಅದಕ್ಕೆ ಲೆಕ್ಕವಿಲ್ಲ.

ಮಾತ್ರೆಯ ಹೊರೆ ಇಳಿಸುವ ವಿಷಯದಲ್ಲಿ ನಮ್ಮ ಬೆಂಗಳೂರಿನಿಂದಲೇ ಒಂದು ಒಳ್ಳೆಯ ಸುದ್ದಿ ಬಂದಿದೆ. ಬಸುರಿನಲ್ಲಿ ರಕ್ತದೊತ್ತಡ ಏರಿ ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತಾಗುವ ನಂಜನ್ನು ತಡೆಯಲು, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇತ್ತು. ಅಷ್ಟು ಮಾತ್ರೆ ಕೊಳ್ಳುವುದು ಬಡ ದೇಶಗಳಿಗೆ ಭಾರ, ನುಂಗುವುದು ಹೆಂಗಸರಿಗೆ ಭಾರ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಾರ್ವರ್ಡ್‌ನವರ ಜೊತೆ ಸೇರಿ ಇಲ್ಲಿ 11,000 ಗರ್ಭಿಣಿಯರಲ್ಲಿ 500 ಮಿಲಿಗ್ರಾಂ ಮತ್ತು 1,500 ಮಿಲಿಗ್ರಾಂ ಎರಡನ್ನೂ ಹೋಲಿಸಿ ನೋಡಿದರು. ಟಾಂಜಾನಿಯಾದಲ್ಲೂ ಅಷ್ಟೇ ಮಂದಿಯಲ್ಲಿ ಅದೇ ಪರೀಕ್ಷೆ ನಡೆಯಿತು. 2024ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ನಂಜನ್ನು ತಡೆಯುವುದರಲ್ಲಿ ಕಡಿಮೆ ಪ್ರಮಾಣ ಹೆಚ್ಚಿನ ಪ್ರಮಾಣಕ್ಕೆ ಸೋಲಲಿಲ್ಲ. ಬೆಂಗಳೂರಿನ ಗುಂಪಿನಲ್ಲಿ 500 ಮಿಲಿಗ್ರಾಂ ಪಡೆದವರಲ್ಲಿ ಶೇ 3.0, 1,500 ಪಡೆದವರಲ್ಲಿ ಶೇ 3.6 ಮಂದಿಗೆ ಈ ತೊಂದರೆ ಕಂಡಿತು. ನಮ್ಮ ಸರ್ಕಾರಿ ಕಾರ್ಯಕ್ರಮ ಈಗ ದಿನಕ್ಕೆ 500ರ ಎರಡು ಮಾತ್ರೆ ಕೊಡುತ್ತದೆ. ಒಂದಕ್ಕೆ ಇಳಿಸಬಹುದೇ ಎಂದು ತಜ್ಞರು ಕೂತು ನಿರ್ಧರಿಸಬೇಕು. ಖರ್ಚು ಕಡಿಮೆ ಮಾಡುವುದಾದರೆ ಹೀಗೆ, ಬಸುರಿಯ ಮೈಯನ್ನು ಕೇಳಿ ಮಾಡಬೇಕು.

ಊಟ ಕೊಡದಿದ್ದರೆ ಆಗುವ ಖರ್ಚಿನ ಬಗ್ಗೆ ತಿಳಿಯಬೇಕಾದರೆ ಮೈಸೂರಿಗೆ ಹೋಗಬೇಕು. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಸ್ವಾತಂತ್ರ್ಯಕ್ಕೂ ಹಿಂದಿನ ನರ್ಸುಗಳು ಅಷ್ಟು ಶ್ರದ್ಧೆಯಿಂದ ಬರೆದ ಆ ಪುಸ್ತಕಗಳು ಜಗತ್ತಿನ ವೈದ್ಯವಿಜ್ಞಾನಕ್ಕೆ ಸಿಕ್ಕ ನಿಧಿ ಎಂದೇ ನಾನು ತಿಳಿದಿದ್ದೇನೆ. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಮುತ್ತ ನೆಲೆಸಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ, ಹೃದಯ ಪರೀಕ್ಷೆ ಮಾಡಿ, 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ 3. ಹುಟ್ಟುವಾಗ ತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಶೇ 20. ಐವತ್ತನೇ ವಯಸ್ಸಿನಲ್ಲಿ ಆಂಜಿಯೋಪ್ಲಾಸ್ಟಿಗೆ ಮನೆ ಮಾರುವವನ ರೋಗದ ಒಂದು ಎಳೆ ಅವನ ತಾಯಿಯ ಖಾಲಿ ತಟ್ಟೆಯವರೆಗೆ ಹೋಗುತ್ತದೆ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ ಹತ್ತು ಗರ್ಭಿಣಿಯರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಬಿ12 ಜೀವಸತ್ವ ಕಡಿಮೆ ಇದ್ದದ್ದು ಗೊತ್ತಾಯಿತು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಅಂಗನವಾಡಿಯ ತಟ್ಟೆಯಲ್ಲಿ ಮೊಟ್ಟೆ ಬೇಕೋ ಬೇಡವೋ ಎಂದು ವಾದ ಮಾಡುವವರು ಇದನ್ನು ಓದಬೇಕು.

ಊಟ ಕೊಟ್ಟರೆ ಕೂಸಿನ ತೂಕ ಎಷ್ಟು ಏರುತ್ತದೆ? ಪವಾಡವೇನೂ ಆಗುವುದಿಲ್ಲ. ಆಫ್ರಿಕಾದ ಗ್ಯಾಂಬಿಯಾದ ಹಳ್ಳಿಗಳಲ್ಲಿ ಬಸುರಿಯರಿಗೆ ದಿನಕ್ಕೆ ಸಾವಿರ ಕಿಲೋಕ್ಯಾಲೊರಿಯ ಕಡಲೆಬೀಜದ ಬಿಸ್ಕತ್ತು ಕೊಟ್ಟಾಗ ಜನನ ತೂಕ ಸರಾಸರಿ 136 ಗ್ರಾಂ ಏರಿತು. ಕಣಜ ಬರಿದಾಗುವ ಹಸಿವಿನ ತಿಂಗಳುಗಳಲ್ಲಿ ಸುಮಾರು 200 ಗ್ರಾಂ. ಹೈದರಾಬಾದ್ ಬಳಿಯ ಹಳ್ಳಿಗಳಲ್ಲಿ 1987ರಿಂದ 90ರವರೆಗೆ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಅಂಗನವಾಡಿಯಿಂದ ದಿನಾ ಮೆಕ್ಕೆಜೋಳ-ಸೋಯಾದ ಉಪ್ಪಿಟ್ಟು ಸಿಕ್ಕಿತ್ತು. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ಅಳೆದು ನೋಡಿದರೆ ಉಪ್ಪಿಟ್ಟು ಸಿಗದ ಊರಿನ ಮಕ್ಕಳಿಗಿಂತ 14 ಮಿಲಿಮೀಟರ್ ಎತ್ತರವಿದ್ದರು, ಅವರ ರಕ್ತನಾಳಗಳ ಬಿಗಿತ ಕಡಿಮೆ ಇತ್ತು, ಸಕ್ಕರೆ ಕಾಯಿಲೆಯ ಸೂಚನೆಗಳೂ ಕಡಿಮೆ ಇದ್ದವು. ಮುಂಬೈಯ ಕೊಳೆಗೇರಿಗಳಲ್ಲಿ ಬಸುರಾಗುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ ಕೊಟ್ಟ ಪ್ರಯೋಗದಲ್ಲಿ ಒಟ್ಟಾರೆ ತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ, ಆದರೆ ಬಸುರಿನ ಸಕ್ಕರೆ ಕಾಯಿಲೆ ಶೇ 12.4ರಿಂದ ಶೇ 7.3ಕ್ಕೆ ಇಳಿಯಿತು. ಒಂದಕ್ಕೊಂದು ಹೊಂದದಂತೆ ಕಾಣುವ ಈ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ತಿಳಿಯುವುದು ಇಷ್ಟು: ತೀರಾ ಹಸಿದವರಿಗೆ ಕೊಟ್ಟರೆ ಫಲ ಹೆಚ್ಚು, ಬೇಗ ಶುರುಮಾಡಿದರೆ ಇನ್ನೂ ಹೆಚ್ಚು. ತೂಕದ ಯಂತ್ರವೊಂದರಿಂದಲೇ ಊಟದ ಫಲ ಅಳೆಯಲು ಬರುವುದಿಲ್ಲ.

ಹದಿನೈದು ಪೋಷಕಾಂಶಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ ಹೊಸ ಮಾತ್ರೆಯ ಮಾತೂ ಈಗ ಬರುತ್ತಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಅದು ಸೇರಿತು. ಬರಲಿ, ಪರೀಕ್ಷೆಯಾಗಲಿ. ಆದರೆ ಅದು ಬಂತೆಂದು ಊಟದ ಹಣ ಕಡಿತವಾಗಬಾರದು. ಮಧ್ಯಮ ವರ್ಗದವರು ನೂರಾರು ರೂಪಾಯಿ ಕೊಟ್ಟು ತರುವ ಪ್ರೋಟೀನ್ ಪುಡಿಯ ಡಬ್ಬದ ಬಗ್ಗೆಯೂ ಒಂದು ಮಾತು: ವೈದ್ಯರು ನಿರ್ದಿಷ್ಟ ಕಾರಣಕ್ಕೆ ಬರೆದುಕೊಡದಿದ್ದರೆ, ಅದೇ ದುಡ್ಡಿಗೆ ಮೊಟ್ಟೆ, ಹಾಲು, ಕಡಲೆಬೀಜ, ಹೆಸರುಕಾಳು, ರಾಗಿ ಹೆಚ್ಚು ಬರುತ್ತವೆ, ಮನೆಯಲ್ಲಿ ಎಲ್ಲರಿಗೂ ಬೇಯಿಸಲು ಗೊತ್ತಿರುವ ಪದಾರ್ಥಗಳು ಅವು.

ಮನೆಯೊಳಗಿನ ನಂಬಿಕೆಯೂ ತಟ್ಟೆಯನ್ನು ಚಿಕ್ಕದು ಮಾಡುತ್ತದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಸುರಿಯರ ಊಟದ ರೂಢಿಗಳನ್ನು ಅಭ್ಯಾಸ ಮಾಡಿ ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು 1983ರಲ್ಲಿ ಬರೆದಿದ್ದರು: ಹೊಟ್ಟೆಯಲ್ಲಿ ಕೂಸಿಗೂ ಅನ್ನಕ್ಕೂ ಜಾಗ ಒಂದೇ, ಹೆಚ್ಚು ತಿಂದರೆ ಕೂಸಿಗೆ ಎಡೆ ಸಾಲದು ಎಂಬ ತಿಳಿವಳಿಕೆ ಅಲ್ಲಿತ್ತು. ಕೂಸು ಚಿಕ್ಕದಿದ್ದರೆ ಹೆರಿಗೆ ಸಲೀಸು ಎಂದು ಹೇಳುವ ಅಜ್ಜಿಯರು ಇವತ್ತಿಗೂ ಇದ್ದಾರೆ. ಅವರನ್ನು ಬೈದು ಫಲವಿಲ್ಲ. ಹೆರಿಗೆಯಲ್ಲಿ ಹೆಣ್ಣುಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡ ತಲೆಮಾರಿನ ಭಯ ಅದು. ಅಂಗನವಾಡಿಗಳಲ್ಲಿ ಈಗ ಸೀಮಂತ ಮಾಡುತ್ತಾರೆ. ಬಸುರಿಯ ಜೊತೆ ಅತ್ತೆಯನ್ನೂ ತಾಯಿಯನ್ನೂ ಕರೆದು ಕೂರಿಸಿ ಮಾತಾಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯ ಊಟವನ್ನು ಹಕ್ಕೆಂದು ಬರೆದಿದೆ. ಜೊತೆಗೆ ಕಡಿಮೆಯೆಂದರೆ 6,000 ರೂಪಾಯಿ ಹೆರಿಗೆ ಭತ್ಯೆ ಕೊಡಬೇಕೆಂದೂ ಬರೆದಿದೆ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000. 2024-25ರ ಉದ್ಯೋಗ ಖಾತ್ರಿಯ ಕೂಲಿಯ ಲೆಕ್ಕದಲ್ಲಿ ಅದು ಹದಿನಾಲ್ಕು ದಿನದ ದುಡಿಮೆ. ಹದಿನಾಲ್ಕು ದಿನ ವಿಶ್ರಾಂತಿ ಪಡೆದು ಯಾವ ಹೆಂಗಸೂ ಬಸುರು-ಬಾಣಂತನ ಮುಗಿಸಲಾರಳು.

ಆಗಬೇಕಾದ ಕೆಲಸಗಳು ಕಷ್ಟದವೇನಲ್ಲ. ಊಟದ ದರವನ್ನು ವರ್ಷಕ್ಕೊಮ್ಮೆ ಮಾರುಕಟ್ಟೆಯ ಬೆಲೆಗೆ ತಾನಾಗಿ ಹೊಂದಿಸುವ ನಿಯಮ ಬರಲಿ. ನೌಕರರ ತುಟ್ಟಿಭತ್ಯೆಗೆ ಇರುವ ನ್ಯಾಯ ಬಸುರಿಯ ತಟ್ಟೆಗೂ ಇರಲಿ. ಮೊಟ್ಟೆ, ತರಕಾರಿಯ ಹಣ ತಿಂಗಳ ಮೊದಲೇ ಬಾಲ ವಿಕಾಸ ಸಮಿತಿಯ ಖಾತೆಯಲ್ಲಿರಲಿ. ಮಲೆನಾಡಿನ ಬಸುರಿಗೂ ಎಲ್ಲ ಕಡೆಯ ಬಾಣಂತಿಯರಿಗೂ ಊಟವೋ ಪದಾರ್ಥವೋ ಮನೆಗೇ ತಲುಪಲಿ, ಕೂಲಿಗೆ ಹೋಗುವವಳಿಗೆ ಬೆಳಿಗ್ಗೆಯೇ ಬುತ್ತಿ ಸಿಗಲಿ. ಓದುಗರಲ್ಲಿ ಒಂದು ಕೋರಿಕೆ. ಬಾಲ ವಿಕಾಸ ಸಮಿತಿಯಲ್ಲಿ ಊರಿನ ತಾಯಂದಿರೇ ಇರುತ್ತಾರೆ, ಊರಿನವರಿಗೆ ಅದರ ಲೆಕ್ಕ ಕೇಳುವ ಅಧಿಕಾರ ಇದೆ. ಈ ವಾರ ನಿಮ್ಮ ಬೀದಿಯ ಅಂಗನವಾಡಿಗೆ ಹೋಗಿ, ಮೊಟ್ಟೆಯ ಹಣ ಯಾವ ತಿಂಗಳವರೆಗೆ ಬಂದಿದೆ ಎಂದು ಟೀಚರನ್ನು ಕೇಳಿ. ಬಂದಿಲ್ಲವೆಂದರೆ ಆ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಅವಳ ಪರವಾಗಿ ನೀವು ಎತ್ತಿ.